ಅಪ್ಪನ ಮನೆ ಅಡ್ರೆಸ್‌ಗೆ ಜಿಎಸ್‌ಟಿ ನಂಬರ್ ಸಿಕ್ಕಿದ್ದು ಹೀಗೆ (ನನ್ನ ಅನುಭವ)

ಮನೇಲಿ ಮಾಡೋ ಚಕ್ಕುಲಿ, ನಿಪ್ಪಟ್ಟು ಚೆನ್ನೈ, ಪುಣೆಗೆಲ್ಲ ಕಳಿಸೋಣ ಅಂತ ಹೊರಟಾಗ ಅಪ್ಪ "ಮೊದ್ಲು ಎಕ್ಸೈಸ್ ನಂಬರ್ ಮಾಡ್ಸು" ಅಂದ್ರು, ಪಾಪ ಅವ್ರಿನ್ನೂ ಹಳೇ ಕಾಲದಲ್ಲೇ ಇದಾರೆ. ಎಕ್ಸೈಸ್ ಅಂದ್ರೆ ತಯಾರಿಸಿದ ಸಾಮಾನಿನ ಮೇಲೆ ಕೇಂದ್ರ ಹಾಕ್ತಿದ್ದ ತೆರಿಗೆ, 2017ರ ಜುಲೈ 1ರಿಂದ ಅದು ಜಿಎಸ್‌ಟಿಲಿ ಸೇರ್ಹೋಯ್ತು, ಪೆಟ್ರೋಲ್ ಡೀಸೆಲ್ ತಂಬಾಕು ಥರದ್ದು ಬಿಟ್ಟು. ರಾಜ್ಯದೊಳಗೇ ಸಾಮಾನು ಮಾರೋದಾದ್ರೆ ವರ್ಷಕ್ಕೆ 40 ಲಕ್ಷದವರೆಗೆ ರಿಜಿಸ್ಟ್ರೇಷನ್ ಬೇಡ, ಬಾರ್ಡರ್ ದಾಟಿದ್ರೆ ಮೊದಲ ಪ್ಯಾಕೆಟ್‌ಗೇ ಬೇಕು.

ಅಪ್ಲೈ ಮಾಡಿದ ನಾಲ್ಕನೇ ದಿನ ಆರ್‌ಇಜಿ-03 ಅನ್ನೋ ಫಾರ್ಮಲ್ಲಿ ವಿವರಣೆ ಕೇಳಿ ನೋಟಿಸ್ ಬಂತು, ಅಡ್ರೆಸ್ ಪ್ರೂಫ್ ಸರಿಯಿಲ್ಲ ಅಂತ. ತಲೆಕೆಟ್ಟು ಮತ್ತೆ ಫಾರ್ಮ್ ತೆಗೆದು ನೋಡಿದ್ರೆ ತಪ್ಪು ನಂದೇ, ಮನೆ ಅಪ್ಪನ ಹೆಸರಲ್ಲಿದೆ, ನಾನು ಜಾಗ 'ಓನ್' ಅಂತ ಹಾಕಿದೀನಿ! ಅದನ್ನ 'ಕನ್ಸೆಂಟ್' ಅಂತ ಬದಲಾಯಿಸಿ, ಅಪ್ಪನ ಹತ್ರ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡು, ಕರೆಂಟ್ ಬಿಲ್ ಮತ್ತೆ ಮನೆ ಕಂದಾಯದ ರಸೀದಿ ಜೊತೆ ಸೇರ್ಸಿ ಆರ್‌ಇಜಿ-04 ಅನ್ನೋ ಉತ್ತರದ ಫಾರ್ಮಲ್ಲಿ ಉತ್ತರ ಕೊಟ್ಟೆ. ಇದಕ್ಕೆ 7 ವರ್ಕಿಂಗ್ ಡೇ ಮಾತ್ರ ಟೈಮು, ಸುಮ್ನಿದ್ರೆ ಅರ್ಜಿ ರಿಜೆಕ್ಟ್ ಆಗತ್ತೆ, ಅದಕ್ಕೆ ನೋಟಿಸಿನ ಮೇಲ್ ಬಂದಿದ್ಯಾ ಅಂತ ಸ್ಪ್ಯಾಮ್ ಫೋಲ್ಡರ್ ಕೂಡ ನೋಡ್ತಿರಿ. ಮುಂದಿನ ವಾರ ನಂಬರ್ ಬಂತು. ಅಪ್ಪ ಈಗ್ಲೂ ಅದನ್ನ ಎಕ್ಸೈಸ್ ನಂಬರ್ ಅಂತಾನೇ ಕರೀತಾರೆ.