ಪರದೇಶದಲ್ಲಿ ಕನೆಕ್ಟಿಂಗ್ ವಿಮಾನ ತಪ್ಪಿದರೆ: ಟಿಕೆಟ್ ಕೊಳ್ಳುವಾಗಿನಿಂದ ಪರಿಹಾರ ಕೇಳುವವರೆಗೆ

ಮೊದಲ ವಿಮಾನ ತಡವಾಗಿ ಇಳಿದು, ಎರಡನೆಯದರ ಗೇಟಿಗೆ ಏದುಸಿರು ಬಿಡುತ್ತ ತಲುಪುವ ವೇಳೆಗೆ ಬಾಗಿಲು ಮುಚ್ಚಿದ್ದರೆ, ಅಲ್ಲಿ ನಿಂತಿರುವ ಸಿಬ್ಬಂದಿಯೊಡನೆ ವಾದಕ್ಕಿಳಿದು ಪ್ರಯೋಜನವಿಲ್ಲ. ವಿಮಾನ ಕಣ್ಣೆದುರಿಗೇ ನಿಂತಿದ್ದರೂ ಮುಚ್ಚಿದ ಗೇಟನ್ನು ಮತ್ತೆ ತೆರೆಸುವ ಅಧಿಕಾರ ಅವರಿಗೆ ಬಹುಮಟ್ಟಿಗೆ ಇರುವುದಿಲ್ಲ. ನಿಮ್ಮ ಕೈಯಲ್ಲಿರುವುದು ಎಂಥ ಟಿಕೆಟ್, ಅದನ್ನು ಹಿಡಿದು ಮೊದಲು ಯಾರ ಬಳಿಗೆ ಹೋಗುತ್ತೀರಿ, ಅವರಿಂದ ಏನನ್ನು ಬರೆಸಿಕೊಳ್ಳುತ್ತೀರಿ ಎಂಬ ಮೂರು ಸಂಗತಿಗಳ ಮೇಲೆ ಮುಂದಿನದೆಲ್ಲ ನಿಂತಿದೆ. ಇವುಗಳಲ್ಲಿ ಮೊದಲನೆಯದು ಟಿಕೆಟ್ ಕೊಂಡ ಗಳಿಗೆಯಲ್ಲೇ ತೀರ್ಮಾನವಾಗಿ ಹೋಗಿರುತ್ತದೆಯಾದ್ದರಿಂದ ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಒಂದೇ ಟಿಕೆಟ್ಟೋ, ಎರಡೋ?

ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿದ್ದರೆ, ನಿಮ್ಮನ್ನು ಕೊನೆಯ ಊರಿಗೆ ತಲುಪಿಸುವ ಹೊಣೆ ವಿಮಾನಯಾನ ಸಂಸ್ಥೆಯದು. ಮೊದಲನೆಯದು ತಡವಾದ ಕಾರಣ ಎರಡನೆಯದು ತಪ್ಪಿದರೆ, ಹೆಚ್ಚುವರಿ ಹಣ ಕೇಳದೆ ಮುಂದಿನ ವಿಮಾನದಲ್ಲಿ ಜಾಗ ಮಾಡಿಕೊಡುವುದು ಅದರ ಕೆಲಸ. ಎರಡನ್ನೂ ಬೇರೆ ಬೇರೆಯಾಗಿ ಕೊಂಡಿದ್ದರೆ, ಎರಡನೆಯ ಸಂಸ್ಥೆಯ ಲೆಕ್ಕದಲ್ಲಿ ನೀವು ಹೊತ್ತಿಗೆ ಸರಿಯಾಗಿ ಬಾರದ ಪ್ರಯಾಣಿಕರು, ಅಷ್ಟೆ. ಮೊದಲನೆಯ ಸಂಸ್ಥೆಯಾದರೋ ತನ್ನ ಪಾಲಿನ ಊರಿಗೆ ಇಳಿಸಿ ಕೈತೊಳೆದುಕೊಳ್ಳುತ್ತದೆ. ಹೊಸ ಟಿಕೆಟ್ಟಿನ ಖರ್ಚು ಪೂರ್ತಿ ನಿಮ್ಮ ತಲೆಯ ಮೇಲೆ ಬೀಳುತ್ತದೆ, ಅದೂ ಹೊರಡುವ ದಿನದ ದರದಲ್ಲಿ.

ಟಿಕೆಟ್ ಮಾರುವ ಜಾಲತಾಣಗಳು ಈ ವ್ಯತ್ಯಾಸವನ್ನು ಎದ್ದು ಕಾಣುವಂತೆ ತೋರಿಸುವುದಿಲ್ಲ. ಎರಡು ಪ್ರತ್ಯೇಕ ಟಿಕೆಟ್‌ಗಳನ್ನು ಜೋಡಿಸಿ ಒಂದೇ ಪ್ರಯಾಣವೆಂಬಂತೆ ಮುಂದಿಟ್ಟು, ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಬರೆದಿರುವುದುಂಟು. ಪಿಎನ್‌ಆರ್ ನೋಡಿ ನಿರ್ಧರಿಸಲು ಹೋದರೆ ತಪ್ಪಾದೀತು. ಎರಡು ಸಂಸ್ಥೆಗಳು ಸೇರಿ ನಡೆಸುವ ಪ್ರಯಾಣಕ್ಕೆ ಒಂದೇ ಟಿಕೆಟ್ ಇದ್ದರೂ ಪ್ರತಿ ಸಂಸ್ಥೆ ತನ್ನದೇ ಆದ ಆರು ಅಕ್ಷರಗಳ ಪಿಎನ್‌ಆರ್ ಕೊಡಬಹುದು. ನೋಡಬೇಕಾದದ್ದು 13 ಅಂಕಿಗಳ ಇ-ಟಿಕೆಟ್ ಸಂಖ್ಯೆಯನ್ನು. ಅದರ ಮೊದಲ ಮೂರು ಅಂಕಿಗಳು ಟಿಕೆಟ್ ನೀಡಿದ ಸಂಸ್ಥೆಯ ಗುರುತು. ಎರಡೂ ವಿಮಾನಗಳು ಒಂದೇ ಟಿಕೆಟ್ ಸಂಖ್ಯೆಯಡಿ ನಮೂದಾಗಿದ್ದರೆ ನಿಶ್ಚಿಂತೆಯಿಂದ ಇರಬಹುದು.

ನಡುವಿನ ಅವಧಿಯ ವಿಷಯದಲ್ಲಿಯೂ ಜಾಲತಾಣವನ್ನು ಪೂರ್ತಿ ನಂಬಬಾರದು. ಪ್ರತಿ ವಿಮಾನ ನಿಲ್ದಾಣಕ್ಕೂ ‘ಕನಿಷ್ಠ ಕನೆಕ್ಷನ್ ಅವಧಿ’ ಎಂಬುದು ಗೊತ್ತುಪಡಿಸಲ್ಪಟ್ಟಿರುತ್ತದೆ ಮತ್ತು ಒಂದೇ ಟಿಕೆಟ್ಟಿನಲ್ಲಿ ಅದಕ್ಕಿಂತ ಕಡಿಮೆ ಬಿಡುವಿನ ಜೋಡಣೆಯನ್ನು ಸಾಮಾನ್ಯವಾಗಿ ಮಾರುವುದಿಲ್ಲ. ಆದರೆ ಅದು ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆದಾಗಿನ ಲೆಕ್ಕ. ಅಮೆರಿಕದಲ್ಲಂತೂ ಹೊರದೇಶದಿಂದ ಬಂದವರು ಬಹುತೇಕ ಎಲ್ಲರೂ, ಮುಂದೆ ಎಲ್ಲಿಗೆ ಹೋಗುವವರಾದರೂ, ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಬೇಕು. ಸಾಮಾನ್ಯವಾಗಿ ಲಗೇಜನ್ನೂ ಅಲ್ಲೇ ಪಡೆದು ಮತ್ತೆ ಒಪ್ಪಿಸಬೇಕು. ಅಲ್ಲಿ ಮೂರು ತಾಸಿಗಿಂತ ಕಡಿಮೆ ಬಿಡುವಿನ ಟಿಕೆಟ್ಟನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ಬಿಡುವಿನಷ್ಟೇ ಮುಖ್ಯವಾದ ಇನ್ನೊಂದು ಅಂಶವನ್ನು ಹೆಚ್ಚಿನವರು ಗಮನಿಸುವುದಿಲ್ಲ: ನೀವು ಹಿಡಿಯಬೇಕಾದ ಎರಡನೆಯ ವಿಮಾನ ಆ ದಿನದ ಕೊನೆಯದಾಗಿರಬಾರದು. ಅದರ ನಂತರ ಅದೇ ಊರಿಗೆ ಇನ್ನೊಂದು ಇದ್ದರೆ, ತಪ್ಪಿದಾಗಿನ ನಷ್ಟ ಕೆಲವು ತಾಸುಗಳದು. ಇಲ್ಲದಿದ್ದರೆ ಒಂದು ರಾತ್ರಿಯದು.

ಒಂದೇ ಟಿಕೆಟ್ಟಿಗೆ ಒಂದು ಕಟ್ಟುಪಾಡೂ ಇದೆ. ಸಂಸ್ಥೆಗೆ ತಿಳಿಸದೆ ನಡುವಿನ ಒಂದು ವಿಮಾನವನ್ನು ಬಿಟ್ಟರೆ ಅದರ ಮುಂದಿನ ಎಲ್ಲವೂ, ಮರಳಿ ಬರುವ ಪ್ರಯಾಣವೂ ಸೇರಿ, ರದ್ದಾಗಬಹುದು. ಬೇಸತ್ತು ರೈಲು ಹಿಡಿದು ಹೋಗಬೇಕೆನಿಸಿದರೂ, ಉಳಿದ ಭಾಗವನ್ನು ಹಾಗೆಯೇ ಉಳಿಸುವುದಾಗಿ ಸಂಸ್ಥೆಯಿಂದ ಲಿಖಿತವಾಗಿ ಪಡೆಯದೆ ನಿಲ್ದಾಣ ಬಿಟ್ಟು ಹೊರಡಬೇಡಿ.

ತಡ ಆರಂಭವಾದ ಊರಿನಲ್ಲೇ

ತಡದ ಪ್ರಕಟಣೆ ಕಂತುಗಳಲ್ಲಿ ಬರುತ್ತದೆ. ಮೊದಲು 40 ನಿಮಿಷ, ಆಮೇಲೆ ಇನ್ನೊಂದು ಗಂಟೆ, ಅನಂತರ ‘ಮುಂದಿನ ಮಾಹಿತಿಗಾಗಿ ಕಾಯಿರಿ’. ಕಾರಣವನ್ನು ಕೇಳಿದರೆ ‘ಕಾರ್ಯಾಚರಣೆಯ ತೊಂದರೆ’ ಎನ್ನುವ, ಯಾರನ್ನೂ ಯಾವುದಕ್ಕೂ ಹೊಣೆ ಮಾಡದ ಉತ್ತರ ಸಿಗುತ್ತದೆ. ಇದಕ್ಕಿಂತ ಸ್ಪಷ್ಟವಾದ ಸುಳಿವು ಬೇಕಿದ್ದರೆ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಂಥ ತಾಣದಲ್ಲಿ ನಿಮ್ಮನ್ನು ಹೊತ್ತೊಯ್ಯಬೇಕಾದ ವಿಮಾನ ಈಗ ಎಲ್ಲಿದೆ ಎಂದು ನೋಡಿ. ಅದು ಇನ್ನೂ ಎರಡು ತಾಸಿನ ದೂರದ ಆಕಾಶದಲ್ಲಿದ್ದರೆ, ಫಲಕದ ಮೇಲೆ ಏನೇ ಬರೆದಿದ್ದರೂ ನೀವು ಅರ್ಧ ಗಂಟೆಯಲ್ಲಿ ಹೊರಡುವುದಿಲ್ಲ.

ಕನೆಕ್ಷನ್ ತಪ್ಪುವುದು ಖಚಿತವೆನಿಸಿದಾಗ, ಮೊದಲ ವಿಮಾನವನ್ನು ಹತ್ತುವುದಕ್ಕೆ ಮುಂಚೆಯೇ ಕೌಂಟರಿಗೆ ಹೋಗಿ ಬೇರೆ ಮಾರ್ಗ ಕೇಳಬೇಕು. ‘ಹತ್ತಿ, ಅಲ್ಲಿ ನೋಡಿಕೊಳ್ಳುತ್ತಾರೆ’ ಎಂಬ ಮಾತಿಗೆ ಸುಲಭವಾಗಿ ಒಪ್ಪಬೇಡಿ. ನಡುದಾರಿಯ ನಿಲ್ದಾಣದಲ್ಲಿ ಅದೇ ವಿಮಾನದಿಂದ ಇಳಿದ ನೂರಾರು ಜನರೊಡನೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ವೀಸಾದ ತೊಡಕೂ ಎದುರಾಗಬಹುದು. ಹೊರಡುವ ಊರಿನಲ್ಲಿದ್ದರೆ ನಾಳಿನ ವಿಮಾನವಾದರೂ ಪರವಾಗಿಲ್ಲವೆಂದು ತೀರ್ಮಾನಿಸುವ ಸ್ವಾತಂತ್ರ್ಯವಾದರೂ ಉಳಿದಿರುತ್ತದೆ.

ನಡುದಾರಿಯ ನಿಲ್ದಾಣದಲ್ಲಿ

ಇಳಿಯುವ ಮೊದಲೇ ಗಗನಸಖಿಯರಿಗೆ ನಿಮ್ಮ ಮುಂದಿನ ವಿಮಾನದ ಸಂಖ್ಯೆ ಮತ್ತು ಹೊರಡುವ ಸಮಯವನ್ನು ತಿಳಿಸಿ. ಹಲವರದು ಅದೇ ಕನೆಕ್ಷನ್ ಆಗಿದ್ದರೆ ಕೆಲವೊಮ್ಮೆ ವಿಮಾನವನ್ನು ಕೆಲ ನಿಮಿಷ ಹಿಡಿದಿಡುವುದುಂಟು. ಇಳಿದೊಡನೆ ಫೋನಿನಲ್ಲಿ ಸಂಸ್ಥೆಯ ಆ್ಯಪ್ ತೆರೆದು ನೋಡಬೇಕು, ಏಕೆಂದರೆ ತಪ್ಪುವುದು ಖಚಿತವಾದಾಗ ವ್ಯವಸ್ಥೆ ತಾನಾಗಿಯೇ ಹೊಸ ವಿಮಾನಕ್ಕೆ ನಿಮ್ಮನ್ನು ಸೇರಿಸಿರಬಹುದು. ಅದು ಒಪ್ಪಿಗೆಯಾಗದಿದ್ದರೆ ಟ್ರಾನ್ಸ್‌ಫರ್ ಡೆಸ್ಕಿನ ಸಾಲಿನಲ್ಲಿ ನಿಂತುಕೊಂಡೇ ಸಂಸ್ಥೆಯ ಗ್ರಾಹಕ ಸೇವೆಗೆ ಕರೆ ಮಾಡಿ. ನಿಮ್ಮ ದೇಶದ ಸಂಖ್ಯೆ ಸಿಗದಿದ್ದರೆ ಬೇರೊಂದು ದೇಶದಲ್ಲಿರುವ ಅದೇ ಸಂಸ್ಥೆಯ ಸಂಖ್ಯೆಗೆ ಕರೆ ಮಾಡಬಹುದು. ಬುಕಿಂಗ್ ಎಲ್ಲಿಂದ ನೋಡಿದರೂ ಒಂದೇ.

ಕೌಂಟರಿನಲ್ಲಿ ಕುಳಿತವರ ಮುಂದೆ ಸಮಸ್ಯೆಯನ್ನಿಡುವುದಕ್ಕಿಂತ ಉತ್ತರವನ್ನೇ ಇಡುವುದು ಹೆಚ್ಚು ಫಲಕಾರಿ. ಸಾಲಿನಲ್ಲಿರುವಾಗಲೇ ನಿಮ್ಮ ಊರಿಗೆ ಹೋಗುವ ಮುಂದಿನ ಎರಡು ಮೂರು ವಿಮಾನಗಳ ಸಂಖ್ಯೆಯನ್ನು ಹುಡುಕಿಟ್ಟುಕೊಂಡು, ‘ಇಂದು ರಾತ್ರಿ ಹೊರಡುವ ಈ ವಿಮಾನದಲ್ಲಿ ಸೀಟುಗಳು ಕಾಣುತ್ತಿವೆ, ನನ್ನನ್ನು ಇದಕ್ಕೆ ಸೇರಿಸಲು ಸಾಧ್ಯವೇ?’ ಎಂದು ಕೇಳಿ. ತಮ್ಮದೇ ವಿಮಾನವನ್ನು ಮೊದಲು ಹುಡುಕುವುದು ಅವರ ವಾಡಿಕೆ. ಆದರೆ ಪಾಲುದಾರ ಸಂಸ್ಥೆಯ ವಿಮಾನಕ್ಕೆ, ಒಪ್ಪಂದವಿದ್ದರೆ ಬೇರೆ ಸಂಸ್ಥೆಯ ವಿಮಾನಕ್ಕೂ, ಟಿಕೆಟ್ ವರ್ಗಾಯಿಸಲು ಅವಕಾಶವಿದೆ. ಅದನ್ನು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಸಿಗುವ ಸಂದರ್ಭಗಳೇ ಹೆಚ್ಚು.

ಹೊಸ ಬೋರ್ಡಿಂಗ್ ಪಾಸ್ ಕೈಗೆ ಬಂದ ಮೇಲೆ ಕೌಂಟರಿನಿಂದ ಕದಲುವ ಮೊದಲು ಅದನ್ನು ಓದಬೇಕು. ಸೀಟಿನ ಸಂಖ್ಯೆ ಇರಬೇಕಾದ ಜಾಗದಲ್ಲಿ ‘ಎಸ್‌ಬಿವೈ’ ಎಂದಿದ್ದರೆ ಅದು ಸ್ಟ್ಯಾಂಡ್‌ಬೈ; ಸೀಟು ಉಳಿದರೆ ಮಾತ್ರ ನಿಮಗೆ. ಸೀಟು ಬರೆದಿದ್ದರೂ ಟಿಕೆಟ್ಟನ್ನು ಹೊಸ ವಿಮಾನಕ್ಕೆ ಮರುನೀಡಿಕೆ ಮಾಡಲಾಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಬುಕಿಂಗ್ ಬದಲಾಯಿಸಿ ಟಿಕೆಟ್ ಬದಲಾಯಿಸುವುದನ್ನು ಮರೆತರೆ, ಮುಂದಿನ ಗೇಟಿನಲ್ಲಿ ಯಂತ್ರ ಕೆಂಪು ದೀಪ ತೋರಿಸಿ ನಿಮ್ಮನ್ನು ಪಕ್ಕಕ್ಕೆ ನಿಲ್ಲಿಸುತ್ತದೆ. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ ಲಗೇಜ್ ಚೀಟಿಯಲ್ಲಿರುವ 10 ಅಂಕಿಗಳ ಸಂಖ್ಯೆಯನ್ನು ಅವರಿಗೇ ತೋರಿಸಿ, ಚೀಲಗಳೂ ಹೊಸ ವಿಮಾನಕ್ಕೆ ಸೇರಿವೆಯೇ ಎಂದೂ ವಿಚಾರಿಸಿ.

ರಾತ್ರಿ ಉಳಿಯಬೇಕಾಗಿ ಬಂದಾಗ ಸಂಸ್ಥೆ ಕೊಡುವ ಹೋಟೆಲ್ ಕೂಪನ್ನು ಸಾಮಾನ್ಯವಾಗಿ ನಿಲ್ದಾಣದ ಹೊರಗಿನ ಹೋಟೆಲಿನದು. ಆ ದೇಶದ ವೀಸಾ ಬೇಕಾಗುವ ಪಾಸ್‌ಪೋರ್ಟ್ ನಿಮ್ಮದಾಗಿದ್ದು, ವೀಸಾ ಇಲ್ಲದಿದ್ದರೆ ಆ ಕೂಪನ್ನು ಬರಿಯ ಕಾಗದ. ಸಿಂಗಪುರ, ದೋಹಾ, ಇಸ್ತಾಂಬುಲ್, ಆಮ್‌ಸ್ಟರ್‌ಡ್ಯಾಮ್ ಮುಂತಾದ ನಿಲ್ದಾಣಗಳಲ್ಲಿ ಇಮಿಗ್ರೇಷನ್ ದಾಟದೆಯೇ ತಂಗಬಹುದಾದ ಹೋಟೆಲುಗಳಿವೆ. ಅಲ್ಲಿ ಕೋಣೆ ಕೊಡಿಸುವಂತೆ ಕೇಳಿ. ಮಾರ್ಗ ಬದಲಿಸುವಾಗಲೂ ಇದೇ ಎಚ್ಚರ ಬೇಕು. ಲಂಡನ್ನಿನ ಹೀಥ್ರೂನಲ್ಲಿ ಇಳಿದು ಗ್ಯಾಟ್‌ವಿಕ್‌ನಿಂದ, ಅಥವಾ ಟೋಕಿಯೋದ ನರಿತಾದಲ್ಲಿ ಇಳಿದು ಹನೇದಾದಿಂದ ಹೊರಡುವ ಟಿಕೆಟ್ ಕೊಟ್ಟರೆ, ನಡುವೆ ನೀವು ಆ ದೇಶವನ್ನು ಪ್ರವೇಶಿಸಲೇಬೇಕು. ಇದನ್ನು ಕೌಂಟರಿನವರು ತಾವಾಗಿ ಗಮನಿಸುತ್ತಾರೆಂದು ಭಾವಿಸಬೇಡಿ.

ಏನನ್ನು ಕೇಳಲು ಹಕ್ಕಿದೆ?

ಇದು ನೀವು ಎಲ್ಲಿಂದ, ಯಾವ ಸಂಸ್ಥೆಯ ವಿಮಾನದಲ್ಲಿ ಹೊರಟಿರಿ ಎಂಬುದನ್ನು ಅವಲಂಬಿಸಿದೆ. ಪ್ರಯಾಣಿಕರ ಪರವಾಗಿ ಗಟ್ಟಿಯಾಗಿ ನಿಲ್ಲುವ ಕಾನೂನು ಐರೋಪ್ಯ ಒಕ್ಕೂಟದ 2004ರ 261ನೇ ನಿಯಮ. ಒಕ್ಕೂಟದೊಳಗಿನಿಂದ ಹೊರಡುವ ಪ್ರಯಾಣಕ್ಕೆ ಸಂಸ್ಥೆ ಯಾವ ದೇಶದ್ದಾದರೂ ಅದು ಅನ್ವಯಿಸುತ್ತದೆ. ಹೊರಗಿನಿಂದ ಒಕ್ಕೂಟಕ್ಕೆ ಬರುವ ವಿಮಾನಕ್ಕೆ ಸಂಸ್ಥೆ ಐರೋಪ್ಯದ್ದಾಗಿದ್ದರೆ ಮಾತ್ರ. ಕೊನೆಯ ಊರನ್ನು ತಲುಪುವುದು ಮೂರು ತಾಸು ಅಥವಾ ಹೆಚ್ಚು ತಡವಾದರೆ, ದೂರಕ್ಕನುಗುಣವಾಗಿ 250, 400 ಅಥವಾ 600 ಯೂರೋ ಪರಿಹಾರ ಸಲ್ಲುತ್ತದೆ. ಒಂದೇ ಬುಕಿಂಗ್ ಇದ್ದರೆ ತಡವನ್ನು ಕೊನೆಯ ಊರಿನ ಲೆಕ್ಕದಲ್ಲೇ ಅಳೆಯಬೇಕೆಂದು ಐರೋಪ್ಯ ನ್ಯಾಯಾಲಯ 2013ರಲ್ಲಿ ಹೇಳಿದೆ. ಎಂದರೆ ಮೊದಲ ವಿಮಾನ ಮುಕ್ಕಾಲು ಗಂಟೆಯಷ್ಟೇ ತಡವಾಗಿದ್ದು, ಅದರಿಂದ ಕನೆಕ್ಷನ್ ತಪ್ಪಿ ಐದು ತಾಸು ತಡವಾಗಿ ಊರು ಸೇರಿದರೂ ಹಕ್ಕು ಇದ್ದೇ ಇದೆ. ತಲುಪಿದ ಸಮಯವೆಂದರೆ ಚಕ್ರ ನೆಲಕ್ಕೆ ತಾಗಿದ ಗಳಿಗೆಯಲ್ಲ, ಇಳಿಯಲು ಬಾಗಿಲು ತೆರೆದ ಗಳಿಗೆ ಎಂಬುದು 2014ರ ಇನ್ನೊಂದು ತೀರ್ಪು. ಎರಡು ತಾಸು 55 ನಿಮಿಷಕ್ಕೆ ಇಳಿದ ವಿಮಾನ ಬಾಗಿಲು ತೆರೆಯುವಷ್ಟರಲ್ಲಿ ಮೂರು ತಾಸು ದಾಟಿರಬಹುದಾದ್ದರಿಂದ, ಬಾಗಿಲು ತೆರೆದಾಗ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.

ಬಿರುಗಾಳಿ, ವಾಯುಮಾರ್ಗ ನಿಯಂತ್ರಕರ ಮುಷ್ಕರ ಮುಂತಾದ ಅಸಾಧಾರಣ ಸಂದರ್ಭಗಳಲ್ಲಿ ಸಂಸ್ಥೆಗೆ ಪರಿಹಾರದಿಂದ ವಿನಾಯಿತಿ ಉಂಟು. ವಿಮಾನದ ಸಾಮಾನ್ಯ ತಾಂತ್ರಿಕ ದೋಷ ಆ ಪಟ್ಟಿಗೆ ಸೇರುವುದಿಲ್ಲವೆಂದು 2008ರಲ್ಲೇ ತೀರ್ಮಾನವಾಗಿದ್ದರೂ, ಸಂಸ್ಥೆಗಳ ಮೊದಲ ಉತ್ತರದಲ್ಲಿ ಇಂದಿಗೂ ಅದೇ ನೆಪ ಕಾಣಿಸಿಕೊಳ್ಳುತ್ತದೆ. ಪರಿಹಾರವಿಲ್ಲದಿದ್ದರೂ ಊಟ, ಹೋಟೆಲ್, ಅಲ್ಲಿಗೆ ಹೋಗಿಬರುವ ವಾಹನ ಇವನ್ನು ಒದಗಿಸುವ ಕರ್ತವ್ಯ ತಪ್ಪುವುದಿಲ್ಲ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ಯೂರೋಪಿನ ಆಕಾಶವನ್ನೇ ಮುಚ್ಚಿಸಿದಾಗಲೂ ಈ ಕರ್ತವ್ಯ ಉಳಿದಿತ್ತೆಂದು ನ್ಯಾಯಾಲಯ ಎತ್ತಿಹಿಡಿದಿದೆ. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೂ ಬಹುಪಾಲು ಇದೇ ಕಾನೂನನ್ನು ಉಳಿಸಿಕೊಂಡಿದೆ.

ಅಮೆರಿಕದಲ್ಲಿ ತಡಕ್ಕೆ ಹೀಗೆ ನಿಗದಿತ ಪರಿಹಾರವಿಲ್ಲ. ಅಂತರರಾಷ್ಟ್ರೀಯ ವಿಮಾನ ಆರು ತಾಸು ಅಥವಾ ಹೆಚ್ಚು ತಡವಾಗಿ, ನೀವು ಪ್ರಯಾಣವನ್ನೇ ಕೈಬಿಟ್ಟರೆ ಹಣ ಹಿಂದಿರುಗಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಇನ್ನುಳಿದ ಹಲವು ಕಡೆ ಆಸರೆಯಾಗುವುದು ಅಂತರರಾಷ್ಟ್ರೀಯ ವಿಮಾನ ಪ್ರಯಾಣದಲ್ಲಿ ಸಂಸ್ಥೆಗಳ ಹೊಣೆಯನ್ನು ಗೊತ್ತುಪಡಿಸುವ 1999ರ ಮಾಂಟ್ರಿಯಲ್ ಒಪ್ಪಂದ. ಅದರಡಿ ತಡದಿಂದಾದ ನಷ್ಟವನ್ನು ರಸೀದಿಗಳೊಡನೆ ಸಾಬೀತುಪಡಿಸಿದರೆ, ಒಬ್ಬರಿಗೆ ಗರಿಷ್ಠ 6,303 ಎಸ್‌ಡಿಆರ್‌ವರೆಗೆ ಕೇಳಬಹುದು. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ. ಇದು ತಾನಾಗಿ ಸಿಗುವ ಮೊತ್ತವಲ್ಲ, ಮಿತಿ ಮಾತ್ರ. ತಡವನ್ನು ತಪ್ಪಿಸಲು ಸಾಧ್ಯವಿದ್ದ ಕ್ರಮಗಳನ್ನೆಲ್ಲ ಕೈಗೊಂಡಿದ್ದೆನೆಂದು ಸಂಸ್ಥೆ ತೋರಿಸಿದರೆ ಅದೂ ಇಲ್ಲ.

ಲಗೇಜು ಬಾರದಿದ್ದರೆ

ಓಡಿ ಕನೆಕ್ಷನ್ ಹಿಡಿದವರ ಚೀಲಗಳು ಹಿಂದೆ ಉಳಿಯುವುದು ಸಾಮಾನ್ಯ. ಲಗೇಜು ಹಾಲಿನಿಂದ ಹೊರಬೀಳುವ ಮೊದಲೇ ಅಲ್ಲಿನ ಕೌಂಟರಿನಲ್ಲಿ ದೂರು ದಾಖಲಿಸಿ ‘ಪಿಐಆರ್’ ಎಂಬ ವರದಿಯ ಸಂಖ್ಯೆ ಪಡೆಯಬೇಕು. ತಡವಾಗಿ ಬಂದ ಚೀಲಕ್ಕೆ ಸಂಬಂಧಿಸಿದ ಲಿಖಿತ ದೂರನ್ನು ಅದು ಕೈಸೇರಿದ 21 ದಿನಗಳೊಳಗೆ, ಹಾನಿಗೊಂಡ ಚೀಲದ ದೂರನ್ನು 7 ದಿನಗಳೊಳಗೆ ಕೊಡಬೇಕು. ಔಷಧಿ, ಒಂದು ಜೊತೆ ಬಟ್ಟೆ, ಚಾರ್ಜರ್ ಇವು ಕೈಚೀಲದಲ್ಲೇ ಇರಲಿ.

ಬರೆದು ಕೇಳುವುದು

ನಿಲ್ದಾಣ ಬಿಡುವ ಮೊದಲು, ತಡದ ಅವಧಿ ಮತ್ತು ಕಾರಣವನ್ನು ನಮೂದಿಸಿದ ಪ್ರಮಾಣಪತ್ರವನ್ನು ಸಂಸ್ಥೆಯಿಂದ ಕೇಳಿ ಪಡೆಯಿರಿ. ಪ್ರಯಾಣ ವಿಮೆಯವರು ಮೊದಲು ಕೇಳುವ ಕಾಗದ ಅದೇ. ಫಲಕದ ಫೋಟೋ, ಹಳೆಯ ಮತ್ತು ಹೊಸ ಬೋರ್ಡಿಂಗ್ ಪಾಸುಗಳು, ಊಟ ಮತ್ತು ವಾಹನದ ರಸೀದಿಗಳು ಇವನ್ನು ಒಂದೆಡೆ ಇಡಿ. ಕೌಂಟರಿನಲ್ಲಿ ಮುಂದಿನ ಪ್ರಯಾಣದ ವೌಚರ್ ಕೊಟ್ಟು ಸಹಿ ಕೇಳಿದರೆ, ಇನ್ನಾವ ಹಕ್ಕನ್ನೂ ಕೇಳುವುದಿಲ್ಲವೆಂಬ ಸಾಲು ಅದರಲ್ಲಿದೆಯೇ ಎಂದು ಓದದೆ ಸಹಿ ಹಾಕಬಾರದು.

ಸಂಸ್ಥೆಗೆ ಬರೆಯುವ ದೂರು ಚಿಕ್ಕದಾಗಿರಲಿ. ಪಟ್ಟ ಪಾಡನ್ನೆಲ್ಲ ಮೂರು ಪುಟ ತೋಡಿಕೊಂಡರೆ ಓದುವವರಿಗೆ ಉತ್ತರಿಸದಿರಲು ಸುಲಭವಾಗುತ್ತದೆ. ವಿಮಾನ ಸಂಖ್ಯೆ, ದಿನಾಂಕ, ಟಿಕೆಟ್ ಸಂಖ್ಯೆ, ತಲುಪಬೇಕಿದ್ದ ಮತ್ತು ತಲುಪಿದ ಸಮಯ ಇಷ್ಟನ್ನು ಕೊಟ್ಟು, ‘261ನೇ ನಿಯಮದ ಪ್ರಕಾರ 600 ಯೂರೋ ಪರಿಹಾರ ಹಾಗೂ ಲಗತ್ತಿಸಿದ ರಸೀದಿಗಳ ಮೊತ್ತವನ್ನು ನನ್ನ ಬ್ಯಾಂಕ್ ಖಾತೆಗೆ ಪಾವತಿಸಬೇಕೆಂದು ಕೋರುತ್ತೇನೆ, ನಿರಾಕರಿಸುವುದಾದರೆ ತಡದ ನಿಖರ ಕಾರಣವನ್ನು ಲಿಖಿತವಾಗಿ ತಿಳಿಸಿ’ ಎಂಬಂತೆ ಮುಗಿಸಿದರೆ ಸಾಕು. ಸಮಯಗಳನ್ನು ಆಯಾ ಊರಿನ ಸ್ಥಳೀಯ ಸಮಯದಲ್ಲೇ ಬರೆದು ಹಾಗೆಂದು ಸೂಚಿಸಿ, ಇಲ್ಲವಾದರೆ ಅದರ ಬಗ್ಗೆಯೇ ಎರಡು ಪತ್ರಗಳು ಓಡಾಡುತ್ತವೆ. ಪರಿಹಾರದ ಮೊತ್ತದಲ್ಲಿ ದೊಡ್ಡ ಪಾಲನ್ನು ಶುಲ್ಕವಾಗಿ ಪಡೆಯುವ ಮಧ್ಯವರ್ತಿ ಕಂಪನಿಗಳಿವೆಯಾದರೂ, ಈ ಮೊದಲ ಪತ್ರಕ್ಕೆ ಅವರ ನೆರವು ಬೇಕಿಲ್ಲ. ಸಂಸ್ಥೆ ಸುಮ್ಮನಿದ್ದರೆ ಅಥವಾ ಸಿದ್ಧ ಉತ್ತರ ಕಳುಹಿಸಿದರೆ, ಐರೋಪ್ಯ ದೇಶಗಳಲ್ಲಿ ಈ ನಿಯಮದ ಪಾಲನೆಗಾಗಿಯೇ ನೇಮಕವಾದ ರಾಷ್ಟ್ರೀಯ ಪ್ರಾಧಿಕಾರಕ್ಕೆ, ಘಟನೆ ನಡೆದ ದೇಶವನ್ನು ನೋಡಿಕೊಂಡು, ದೂರು ಕೊಡಬಹುದು. ಮಾಂಟ್ರಿಯಲ್ ಒಪ್ಪಂದದಡಿ ನ್ಯಾಯಾಲಯಕ್ಕೆ ಹೋಗಲು ಎರಡು ವರ್ಷಗಳ ಗಡುವಿದೆ. ಆ ಅವಧಿ ಮುಗಿಯುವವರೆಗೆ ಬೋರ್ಡಿಂಗ್ ಪಾಸುಗಳನ್ನೂ ರಸೀದಿಗಳನ್ನೂ ಎಸೆಯಬೇಡಿ.