ಮೆಂಬ್ರೇನ್ ಹದ ಮಾಡುವುದು ಹೇಗೆ?

ನೀರಿಗೆ ಕರೆಂಟ್ ಕೊಟ್ಟು ಹೈಡ್ರೋಜನ್ ತೆಗೆಯುವ ಎಲೆಕ್ಟ್ರೊಲೈಸರ್ ಇರಲಿ, ಹೈಡ್ರೋಜನ್‌ನಿಂದ ಕರೆಂಟ್ ಮಾಡುವ ಫ್ಯುಯೆಲ್ ಸೆಲ್ ಇರಲಿ, 'ಪೆಮ್' (ಪ್ರೋಟಾನ್ ಎಕ್ಸ್‌ಚೇಂಜ್ ಮೆಂಬ್ರೇನ್) ಎನ್ನುವ ಬಗೆಯದ್ದಾದರೆ ನಡುವೆ ಕೂತಿರುವುದು ಒಂದು ತೆಳು ಪ್ಲಾಸ್ಟಿಕ್ ಹಾಳೆ, ಅದೇ ಮೆಂಬ್ರೇನ್. ಅದು ಪ್ರೋಟಾನ್‌ಗೆ ದಾರಿ ಬಿಡಬೇಕು, ಎರಡು ಕಡೆಯ ಗ್ಯಾಸ್ ಬೆರೆಯದಂತೆ ತಡೆಯಬೇಕು. ಆದರೆ ಒಣಗಿದ ಹಾಳೆಯಲ್ಲಿ ಪ್ರೋಟಾನ್ ಓಡುವುದಿಲ್ಲ. ಅದಕ್ಕೆ ನೀರು ಬೇಕು. ಹಾಗಾಗಿ ಹದ ಮಾಡುವುದು ಅಂದರೆ ಮುಖ್ಯವಾಗಿ ತೊಳೆಯುವುದು, ನೆನೆಸುವುದು.

ಮೊದಲು ಹಾಳೆ ಆರಿಸಿ. ಹೆಚ್ಚು ಬಳಕೆಯಲ್ಲಿರುವುದು ನ್ಯಾಫಿಯಾನ್ ಎಂಬ ಬ್ರ್ಯಾಂಡಿನದ್ದು. ನ್ಯಾಫಿಯಾನ್ 117ರ ಕೊನೆಯ 7 ಅಂದರೆ ದಪ್ಪ 7 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು), ಸುಮಾರು 0.18 ಮಿ.ಮೀ. 212 ಆದರೆ 2 ಮಿಲ್ ಅಷ್ಟೇ. ತೆಳುವಾದಷ್ಟೂ ಪ್ರೋಟಾನ್‌ಗೆ ತಡೆ ಕಮ್ಮಿ, ಗ್ಯಾಸ್ ನುಸುಳುವುದು ಜಾಸ್ತಿ. ಒತ್ತಡ ಇರುವ ಎಲೆಕ್ಟ್ರೊಲೈಸರ್‌ಗೆ ದಪ್ಪ ಹಾಳೆಯೇ ವಾಸಿ.

ಕತ್ತರಿಸುವಾಗ ಒಂದು ನೆನಪಿರಲಿ: 10 ಸೆಂ.ಮೀ. ಹಾಳೆ ನೀರು ಕುಡಿದರೆ ಸುಮಾರು 11 ಆಗುತ್ತದೆ. ಬೋಲ್ಟಿನ ತೂತುಗಳನ್ನು ಈಗಲೇ ಹೊಡೆದರೆ ಆಮೇಲೆ ಒಂದೂ ಕೂರುವುದಿಲ್ಲ.

ಇನ್ನು ತೊಳೆಯುವುದು. 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 80 ಡಿಗ್ರಿ ಸೆಲ್ಸಿಯಸ್‌ಗೆ ಒಂದು ಗಂಟೆ ಇಡಿ. ಹಾಳೆ ಸುರುಳಿ ಸುತ್ತಿಕೊಂಡು ಮೇಲೆ ತೇಲುತ್ತದೆ, ಗಾಜಿನ ಕಡ್ಡಿಯಿಂದ ಮೆಲ್ಲಗೆ ಅದುಮಿ. ಹಳದಿ ಛಾಯೆ ಇದ್ದರೆ ಹೋಗಿ ತಿಳಿಯಾಗುತ್ತದೆ. ಅಯಾನು ತೆಗೆದ ನೀರಿನಲ್ಲಿ ಜಾಲಿಸಿ, 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಅದೇ ಬಿಸಿಯಲ್ಲಿ ಇನ್ನೊಂದು ಗಂಟೆ. ಆಸಿಡ್ ತೆಳು ಮಾಡುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಕೊನೆಗೆ ಬಿಸಿ ನೀರಿನಲ್ಲಿ ಮತ್ತೊಂದು ಗಂಟೆ, ಆಸಿಡ್ ಪೂರ್ತಿ ಹೋಗುವವರೆಗೆ ನೀರು ಬದಲಾಯಿಸುತ್ತಿರಿ.

ಇಷ್ಟೂ ಹೊತ್ತು ಕೈಗೆ ಗ್ಲೌಸ್ ಇರಲಿ, ಚಿಮುಟ ಪ್ಲಾಸ್ಟಿಕ್‌ನದ್ದೇ ಆಗಲಿ. ಸುಮ್ನೆ ಮಡಿವಂತಿಕೆ ಅನ್ನಿಸಬಹುದು, ಅಲ್ವಾ? ಆದರೆ ಉಕ್ಕಿನಿಂದ ಬಿಟ್ಟ ಕಬ್ಬಿಣದ ಅಯಾನು ಹಾಳೆಯೊಳಗೆ ಸೇರಿಕೊಂಡರೆ ಸುಲಭವಾಗಿ ಹೊರಬರುವುದಿಲ್ಲ. ಸೆಲ್ ಓಡುವಾಗ ಒಳಗೇ ಒಂದಿಷ್ಟು ಪೆರಾಕ್ಸೈಡ್ ಹುಟ್ಟುತ್ತದೆ. ಕಬ್ಬಿಣ ಸಿಕ್ಕರೆ ಆ ಪೆರಾಕ್ಸೈಡ್ ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ. ಬಹಳ ಚುರುಕಾಗಿ ಪ್ರತಿಕ್ರಿಯಿಸುವ ಈ ಕಣ ಹಾಳೆಯನ್ನು ಒಳಗಿಂದೊಳಗೇ ತಿನ್ನುತ್ತದೆ.

ಮುಂದೆ ಹಾಳೆಯ ಮೇಲೆ ಕ್ಯಾಟಲಿಸ್ಟ್, ಅಂದರೆ ಕ್ರಿಯೆಗೆ ವೇಗ ಕೊಡುವ ವಸ್ತುವಿನ ಲೇಪನ. ಫ್ಯುಯೆಲ್ ಸೆಲ್‌ಗೆ ಎರಡೂ ಬದಿ ಕಾರ್ಬನ್ ಮೇಲಿನ ಪ್ಲಾಟಿನಂ. ಎಲೆಕ್ಟ್ರೊಲೈಸರ್‌ನಲ್ಲಿ ಹೈಡ್ರೋಜನ್ ಬದಿಗೆ ಪ್ಲಾಟಿನಂ, ಆಕ್ಸಿಜನ್ ಬದಿಗೆ ಇರಿಡಿಯಂ ಆಕ್ಸೈಡ್. ಲೇಪಿಸುವ ಇಂಕ್ ಕಲಸುವಾಗ ಕ್ಯಾಟಲಿಸ್ಟ್ ಪುಡಿಗೆ ಮೊದಲು ನೀರು ಹಾಕಿ ಪೂರ್ತಿ ನೆನೆಸಿ, ಆಮೇಲೆ ಆಲ್ಕೊಹಾಲ್. ಒಣ ಪ್ಲಾಟಿನಂ ಪುಡಿಗೆ ಸೀದಾ ಆಲ್ಕೊಹಾಲ್ ತಾಗಿದರೆ ಬೆಂಕಿ ಹತ್ತಬಹುದು. ಲೇಪಿಸಿದ ಮೇಲೆ ಸುಮಾರು 130 ಡಿಗ್ರಿಯಲ್ಲಿ ಮೂರು ನಿಮಿಷ ಹಾಟ್ ಪ್ರೆಸ್, ಅಂದರೆ ಬಿಸಿ ತಟ್ಟೆಗಳ ನಡುವೆ ಒತ್ತುವುದು. ಹೊರಬಂದ ಹಾಳೆ ಒಣಗಿರುತ್ತದೆ, ಮತ್ತೆ ನೀರಿಗೆ ಹಾಕಿ.

ಜೋಡಿಸುವಾಗ ಎಲೆಕ್ಟ್ರೊಲೈಸರ್‌ನ ಆಕ್ಸಿಜನ್ ಬದಿಗೆ ಕಾರ್ಬನ್ ನಾರಿನ ಪೇಪರ್ ಬೇಡ, ಅಲ್ಲಿನ ವೋಲ್ಟೇಜ್‌ಗೆ ಅದು ಸವೆದುಹೋಗುತ್ತದೆ. ಟೈಟಾನಿಯಂ ಎಳೆಗಳ ಫೆಲ್ಟ್ ಇಡಿ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕರೆಂಟ್ ಕೊಡುವ ಮೊದಲು ನೀರು ಹರಿಯಲಿ. ನೀರು ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು, ನಿಜದಲ್ಲಿ 1.8ರಿಂದ 2 ಬೇಕಾಗುತ್ತದೆ. ಅದೇ ಕರೆಂಟ್‌ಗೆ ವೋಲ್ಟೇಜ್ ಏರುತ್ತಲೇ ಹೋದರೆ ಮೊದಲು ನೀರಿನ ಪೈಪ್ ನೋಡಿ. ಕೆಲಸ ನಿಲ್ಲಿಸಿದಾಗಲೂ ಸೆಲ್ಲಿನಲ್ಲಿ ನೀರು ತುಂಬಿಸಿಟ್ಟೇ ಬಾಯಿ ಮುಚ್ಚಿ.