ಎಂಟು ಜನರ ಗದ್ದಲವನ್ನು ಎರಡು ಕಿವಿಗೆ ಹಂಚಿಕೊಂಡಿದ್ದು

ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ 'ಫ್ರೀ ಜಾಝ್' ಆಲ್ಬಮ್ ಹಾಕಿದಾಗಲೆಲ್ಲ ಸ್ವಲ್ಪ ಹೊತ್ತಿಗೇ ತಲೆ ಚಿಟ್ಟು ಹಿಡಿಯುತ್ತಿತ್ತು. ಎಂಟು ಜನ, ಸುಮಾರು 37 ನಿಮಿಷ, ಎಡೆಬಿಡದ ನುಡಿಸಾಣಿಕೆ. ಯಾರು ಏನು ನುಡಿಸುತ್ತಿದ್ದಾರೆ ಅಂತಲೇ ತಿಳಿಯುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಹೆಡ್‌ಫೋನ್‌ನಲ್ಲಿ. 1960ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಆದ ಈ ರೆಕಾರ್ಡಿಂಗ್‌ನಲ್ಲಿ ನಾಲ್ಕು ಜನರ ಎರಡು ತಂಡಗಳಿವೆ, ಸ್ಟೀರಿಯೋದಲ್ಲಿ ಬದಿಗೊಂದು. ಎಡಕ್ಕೆ ಕೋಲ್ಮನ್, ಡಾನ್ ಚೆರ್ರಿ (ಟ್ರಂಪೆಟ್), ಸ್ಕಾಟ್ ಲಫಾರೊ (ಬೇಸ್), ಬಿಲ್ಲಿ ಹಿಗ್ಗಿನ್ಸ್ (ಡ್ರಮ್ಸ್). ಬಲಕ್ಕೆ ಎರಿಕ್ ಡಾಲ್ಫಿ, ಫ್ರೆಡ್ಡಿ ಹಬರ್ಡ್ (ಟ್ರಂಪೆಟ್), ಚಾರ್ಲಿ ಹೇಡನ್ (ಬೇಸ್), ಎಡ್ ಬ್ಲ್ಯಾಕ್‌ವೆಲ್ (ಡ್ರಮ್ಸ್). ಸರಿ, ಬಲಗಡೆಯದನ್ನು ಕಿವಿಯಿಂದ ಸರಿಸಿ ಎಡಗಡೆಯದನ್ನಷ್ಟೇ ಕೇಳಿದೆ. ಅಲ್ಲಿದ್ದದ್ದು ಗದ್ದಲ ಅಲ್ಲ, ನಾಲ್ಕು ಜನರ ಬ್ಯಾಂಡು! ಆಮೇಲೆ ಬಲಗಡೆ. ಡಾಲ್ಫಿ ಊದುವ, ತಗ್ಗು ದನಿಯ ಬೇಸ್ ಕ್ಲಾರಿನೆಟ್ ಯಾರೋ ಸಿಟ್ಟಿನಲ್ಲಿ ಗೊಣಗಿದ ಹಾಗೆ ಕೇಳಿಸಿ ನಗು ಬಂತು. ಎರಡನ್ನೂ ಒಟ್ಟಿಗೆ ಹಾಕಿಕೊಂಡಾಗ ಯಾರ ದನಿ ಯಾವುದು ಅಂತ ಗೊತ್ತಾಗತೊಡಗಿತು.

ಇನ್ನೊಂದು ವಿಷಯ. ಸೋಲೋಗಳು, ಅಂದರೆ ಒಬ್ಬೊಬ್ಬರೇ ಮುಂದಾಗಿ ನುಡಿಸುವ ಭಾಗಗಳು, ಸರದಿಯಂತೆ ಬರುತ್ತವೆ, ನಡುನಡುವೆ ಎಲ್ಲರೂ ಸೇರಿ ನುಡಿಸುವ ಚಿಕ್ಕ ಭಾಗಗಳಿವೆ. ಅವನ್ನು ಹಿಡಿದುಕೊಂಡರೆ ದಾರಿ ತಪ್ಪುವುದಿಲ್ಲ. ಕೊನೆಯತ್ತ ಬರುವ, ಲಫಾರೊ ಮತ್ತು ಹೇಡನ್ ಅವರ ಎರಡು ಬೇಸ್‌ಗಳ ಭಾಗ ನನಗಂತೂ ಎಲ್ಲಕ್ಕಿಂತ ಜಾಸ್ತಿ ಇಷ್ಟ.

ಫೋನ್ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಎಲ್ಲ ಕಲಸಿಹೋಗುತ್ತದೆ. 37 ನಿಮಿಷ ಜಾಸ್ತಿ ಆಯ್ತು ಅನ್ನಿಸಿದರೆ, 1971ರ 'ಟ್ವಿನ್ಸ್' ಆಲ್ಬಮ್‌ನಲ್ಲಿ ಇದರದೇ ಮೊದಲ ಟೇಕ್ (ಮೊದಲ ಸಲ ನುಡಿಸಿ ರೆಕಾರ್ಡ್ ಮಾಡಿದ್ದು) ಇದೆ, ಸುಮಾರು 17 ನಿಮಿಷ. ಅದರಿಂದಲೇ ಶುರು ಮಾಡಬಹುದು.